ಹುಣಸೆಹುಳಿ ತಿಕ್ಕಿದ ರಿವಾಲ್ವರ್

ಗ್ರಾಂಟ್ ರೋಡ್, ಮುಂಬೈ
12 ನವೆಂಬರ್ 2025, ಬುಧವಾರ

ನನ್ನ ಕಂದ ಅನಿಲನಿಗೆ ಅವ್ವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಗಂಟಲುನೋವು ಇಳಿಯಿತೇ? ಅಲ್ಲಿ ಆಗಲೇ ಹಿಮ ಬೀಳುತ್ತಿದೆ ಎಂದಿದ್ದೆ. ಕಿವಿ ಮುಚ್ಚಿಕೊಂಡಿರು, ಬಿಸಿನೀರು ಕುಡಿ. ಅವ್ವನ ಮಾತಿಗೆ ನಿಮ್ಮ ಪಲ್ಟನ್ನಿನಲ್ಲಿ ಬೆಲೆಯಿಲ್ಲ ಎಂದು ಗೊತ್ತು, ಆದರೂ ಹೇಳುವುದು ನನ್ನ ಧರ್ಮ. ನನ್ನ ಆರೋಗ್ಯಕ್ಕೇನೂ ಕುಂದಿಲ್ಲ. ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲು ಕಂಡಾಗ ಮಾತ್ರ ಮೊಣಕಾಲು ತಕರಾರು ಮಾಡುತ್ತದೆ. ಕೈಯಲ್ಲಿ ಫೋನು ಇರುವಾಗ ಅವ್ವನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತೀಯ. ನಮ್ಮದು ಒಂದೇ ಖೋಲಿ. ಇರುವುದೂ ಒಂದೇ ಫೋನು, ಅದು ಸದಾ ನಿಮ್ಮಪ್ಪನ ಅಂಗಿಯ ಜೇಬಿನಲ್ಲಿ. ನಾನು ನಿನ್ನ ಹತ್ತಿರ ಮಾತಾಡುವಾಗ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರೂ ಮೈಯೆಲ್ಲ ಕಿವಿಯಾಗಿರುತ್ತದೆ. ಅವರ ಬಗ್ಗೆಯೇ ಹೇಳಬೇಕಾದ ಮಾತನ್ನು ಅಲ್ಲಿ ಹೇಗೆ ಹೇಳಲಿ?

ಈಗ ನಾನು ಕೂತಿರುವುದು ಇಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ. ಎದುರು ಬಿಲ್ಡಿಂಗಿನ ಮೊದಲ ಮಾಳಿಗೆಯಲ್ಲಿ ಬಂದೂಕಿನ ಅಂಗಡಿಯಿದೆ, ನಿಮ್ಮಪ್ಪ ಅಲ್ಲಿಗೆ ಹೋಗಿದ್ದಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಪ್ರೀತಮ್ ಎಂಬ ಹುಡುಗ ಕಾರ್ಕಳದ ಕಡೆಯವನು. ನನ್ನ ಕನ್ನಡ ಕೇಳಿ ಅವನಿಗೆ ನಗು, ಅವನದು ಕೇಳಿ ನನಗೆ. ಚಹಾ ಮುಗಿದರೂ ಎಬ್ಬಿಸಲಿಲ್ಲ, ಬರೆಯಲು ಕಾಗದವನ್ನೂ ಕೊಟ್ಟ. ಆದರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದು ಸಾಲು ಬರೆಯುತ್ತೇನೆ, ಆ ಮೆಟ್ಟಿಲ ಕಡೆ ನೋಡುತ್ತೇನೆ. ಅಕ್ಷರ ಓರೆಕೋರೆಯಾದರೆ ಬೈಯಬೇಡ.

ಕ್ಯಾಶ್ ವ್ಯಾನಿನ ಕಂಪನಿಯವರು ವಯಸ್ಸಾಯಿತೆಂದು ಅಪ್ಪನನ್ನು ಗಾರ್ಡ್ ಕೆಲಸದಿಂದ ಬಿಡಿಸಿದ್ದು ನಿನಗೆ ಗೊತ್ತೇ ಇದೆ. ಮೊದಮೊದಲು ಅವರು ಬೈದರು, ಎಲ್ಲರಿಗೂ ಬೈದರು, ಅದು ಒಳ್ಳೆಯದೇ ಇತ್ತು. ಮಳೆಗಾಲ ಶುರುವಾದ ಮೇಲೆ ಬೈಗಳೂ ನಿಂತವು. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹಾಕಿ, ಆಮೇಲೆ ಎಲ್ಲಿಗೂ ಹೋಗದೆ ಮಂಚದ ಮೇಲೆ ಕೂರುವುದು. ಊಟ ಸಾಕೇ ಎಂದರೆ ಸಾಕು, ಬೇಕೇ ಎಂದರೆ ಬೇಕು. ಬದಾಮಿಯ ನಿನ್ನ ಸೋದರಮಾವ ಬಂದು ಎರಡು ದಿನವಿದ್ದು ಹೋದ. ಅವನೂ ಭಾವ ಯಾಕೋ ಮೆತ್ತಗಾಗಿದ್ದಾನಲ್ಲ ಅಂದ. ಮೆತ್ತಗಾಗುವ ಮನುಷ್ಯನೇ ನಿಮ್ಮಪ್ಪ?

ದಸರೆ ಬಂತು. ನಮ್ಮ ಮನೆಯ ಖಂಡೆ ಪೂಜೆ ನಿನಗೆ ನೆನಪಿರಬೇಕು. ಕುಡಗೋಲು, ಈಳಿಗೆಮಣೆ, ನಿನ್ನ ಕ್ರಿಕೆಟ್ ಬ್ಯಾಟು, ಎಲ್ಲದರ ನಡುವೆ ದೇವರ ಜಗುಲಿಯ ಮೇಲೆ ಅಪ್ಪನ ರಿವಾಲ್ವರ್. ಪೂಜೆಗೆ ಮೊದಲು ಅವರು ಅದನ್ನು ತೆರೆದು ಖಾಲಿ ಮಾಡಿ, ನನಗೂ ತೋರಿಸಿ, ಗುಂಡುಗಳನ್ನು ಬೇರೆ ತಟ್ಟೆಯಲ್ಲಿ ಇಡುತ್ತಿದ್ದರು. ನಾನು ವಿಭೂತಿ, ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತಿದ್ದೆ. ಮರುದಿನ ಬನ್ನಿ ಮುಡಿದ ಕೂಡಲೇ ಡ್ಯೂಟಿಗೆ ಬೇಕಲ್ಲ, ಒರೆಸಿ ಎಣ್ಣೆ ಸವರಿ ಸೊಂಟಕ್ಕೆ ಕಟ್ಟುತ್ತಿದ್ದರು. ಈ ಸಲ ಯಾರ ಡ್ಯೂಟಿ, ಎಲ್ಲಿಯ ಡ್ಯೂಟಿ. ಖಂಡೆಯನ್ನು ಯಜಮಾನನೇ ಎತ್ತಬೇಕೆಂದು ನಾನು ಮುಟ್ಟಲಿಲ್ಲ, ಅವರು ಎತ್ತಲಿಲ್ಲ. ಹೊರಗೆ ಮಳೆ, ಒಳಗೆ ಒಗೆದ ಬಟ್ಟೆಯೂ ಒಣಗದಂಥ ಹಸಿ. ಕೊನೆಗೆ ಹೂ ಕೊಳೆತು ವಾಸನೆ ಬಂತೆಂದು ನಾನೇ ತೆಗೆದೆ. ವಿಭೂತಿಯ ಮೂರು ಬೆರಳಿನ ಗೆರೆಯಿದ್ದಲ್ಲಿ, ಹೂವಿನ ನೀರು ಇಳಿದಲ್ಲಿ, ಎಲ್ಲ ಕಡೆ ತುಕ್ಕು. ಮೊದಲೇ ವರ್ಷಗಟ್ಟಲೆ ಚರ್ಮದ ಕವರಿನಲ್ಲಿ ತಿಕ್ಕಿ ತಿಕ್ಕಿ ಅದರ ಕಪ್ಪು ಬಣ್ಣ ಸವೆದಿತ್ತು. ಒರೆಸೋಣವೆಂದು ತೆರೆದೆ. ಒಳಗೆ ಒಂದು ಗುಂಡಿತ್ತು.

ಒಂದೇ ಒಂದು, ಅನಿಲಾ. ಮರೆತು ಬಿಟ್ಟಿದ್ದಲ್ಲ. ಮರೆಯುವ ಮನುಷ್ಯ ಅಲ್ಲ ಅವರು. ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಹೂಂ ಎಂದುಬಿಟ್ಟರೆ ನಾನೇನು ಮಾಡಲಿ? ಆ ಗುಂಡನ್ನೂ ಉಳಿದವನ್ನೂ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಇಂದಿನವರೆಗೆ ಅವರು ಎಲ್ಲಿವೆ ಎಂದು ಕೇಳಿಲ್ಲ. ಆಮೇಲೆ ಏನು ಮಾಡಿದೆ ಗೊತ್ತೇ? ಅವರು ನೀರು ತರಲು ಕೆಳಗೆ ಹೋದ ಹೊತ್ತಿಗೆ ಹುಣಸೆಹಣ್ಣು ನೆನೆಹಾಕಿ, ಬೂದಿ ಬೆರೆಸಿ, ದೇವರ ದೀಪದ ಹಿತ್ತಾಳೆ ಸಮೆ ಬೆಳಗುವಂತೆ ಆ ರಿವಾಲ್ವರನ್ನು ಗಸಗಸ ತಿಕ್ಕಿದೆ. ತುಕ್ಕಿನ ಜೊತೆ ಉಳಿದ ಬಣ್ಣವೂ ಹೋಗಿ ಬೆಳ್ಳಗೆ ಹೊಳೆಯಿತು. ಎಣ್ಣೆ ಹಚ್ಚದೆ ಹಾಗೆಯೇ ಇಟ್ಟೆ. ಮರುದಿನ ಬೆಳಗಾಗುವುದರಲ್ಲಿ ಮೈತುಂಬ ಕೆಂಪು ತುಕ್ಕು. ಫೌಜಿಯ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವಳಿಗೆ ಅದಕ್ಕೆ ಹುಳಿ ತಾಗಬಾರದು ಎಂದು ತಿಳಿಯದೇ? ತಿಳಿದೇ ಮಾಡಿದೆ. ಅದು ಕೆಡಬೇಕಿತ್ತು. ಕೆಟ್ಟರೆ ರಿಪೇರಿಗೆಂದು ಮನೆಯಿಂದಾಚೆ ಹೋಗುತ್ತದೆ, ನಾಲ್ಕು ದಿನ ನಾನು ಕಣ್ಣು ಮುಚ್ಚಬಹುದು ಎಂದುಕೊಂಡೆ.

ಹಿಂದೆ ಅದರ ಮೇಲೆ ಒಂದು ಹನಿ ನೀರು ಬಿದ್ದರೆ ಚಾಳೆಲ್ಲ ಕೇಳುವಂತೆ ಕೂಗಾಡುತ್ತಿದ್ದವರು ಈ ಸಲ ಅದನ್ನು ನೋಡಿ ಇಷ್ಟೇ ಅಂದರು: "ಇರ್ಲಿ ಬಿಡು." ಆ ಎರಡು ಮಾತು ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು. ಲೈಸೆನ್ಸ್ ನವೀಕರಣಕ್ಕೆ ಪೊಲೀಸ್ ಠಾಣೆಯಲ್ಲಿ ತೋರಿಸಬೇಕಲ್ಲ, ತುಕ್ಕಿನಲ್ಲಿ ನಂಬರು ಕಾಣದಿದ್ದರೆ ನಿಮ್ಮನ್ನೇ ಹಿಡಿದು ಕೂರಿಸುತ್ತಾರೆ ಎಂದು ನಾನೇ ಬೆನ್ನುಹತ್ತಿದೆ. ಕಾಯಿದೆಯ ಮಾತಿಗೆ ಮಾತ್ರ ನಿಮ್ಮಪ್ಪ ಏಳುತ್ತಾರೆ. ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ತಾವೇ ಇಲ್ಲಿಗೆ ತಂದರು, ನಾನೂ ಹಿಂದೆ ಬಂದೆ.

ಅಂಗಡಿಯ ಸೇಠ್ ಮುದುಕ, ಬಾಯಿ ಜೋರು. ಹುಣಸೆಹಣ್ಣಿನ ಕತೆ ಕೇಳಿ ಕೆಲಸಗಾರರನ್ನೆಲ್ಲ ಕರೆದು ನನ್ನನ್ನು ತೋರಿಸಿ ನಕ್ಕ. ಇದು ಸ್ಟೀಲಿನ ಡಬ್ಬಿಯಲ್ಲ, ಬಾಯೀ, ಕಾರ್ಬನ್ ಸ್ಟೀಲು, ಬೆವರಿದ ಕೈ ತಾಗಿದರೂ ತುಕ್ಕು ಹಿಡಿಯುತ್ತದೆ ಎಂದು ಪಾಠ ಮಾಡಿದ. ಹೆಡ್ಡಿ ಎನ್ನಿಸಿಕೊಂಡು ಸುಮ್ಮನೆ ನಿಂತೆ. ಅದರ ಮೇಲಿನ ಕಪ್ಪು ಬಳಿದ ಬಣ್ಣವಲ್ಲವಂತೆ. ತುಕ್ಕನ್ನು ಸಣ್ಣ ಪಾಲಿಶ್ ಕಾಗದದಿಂದ ಉಜ್ಜಿ, ಜಿಡ್ಡಿನ ಕಲೆಯೂ ಇಲ್ಲದಂತೆ ತೊಳೆದು, ಉಪ್ಪಿನಂಥ ಮದ್ದು ಕುದಿಯುವ ತೊಟ್ಟಿಯಲ್ಲಿ ಮುಳುಗಿಸಿದರೆ ಕಬ್ಬಿಣವೇ ನೀಲಿಗಪ್ಪಾಗುತ್ತದೆ. ಆಮೇಲೆ ಎಣ್ಣೆ. ನಾವು ರೊಟ್ಟಿಯ ಹಂಚನ್ನು ತೊಳೆದು ಎಣ್ಣೆ ಸವರಿ ಇಡುವುದಿಲ್ಲವೇ, ಹಾಗೆ. ಚರ್ಮದ ಕವರು ಹಸಿ ಹಿಡಿದಿಡುತ್ತದೆ, ಅದರಲ್ಲಿ ಇಟ್ಟಿದ್ದೇ ಮೊದಲ ತಪ್ಪು ಎಂದು ಸೇಠ್ ನಿಮ್ಮಪ್ಪನಿಗೂ ಬೈದ. ಎಣ್ಣೆಬಟ್ಟೆಯಲ್ಲಿ ಸುತ್ತಿ, ಹಸಿ ಹೀರುವ ಪುಡಿಯ ಪೊಟ್ಟಣದ ಜೊತೆ ಇಡಬೇಕಂತೆ.

ಆಗ ಒಂದು ವಿಚಿತ್ರ ನಡೆಯಿತು ನೋಡು. ಕೆಲಸಗಾರ ಅದನ್ನು ಅಡ್ಡಡ್ಡ ಉಜ್ಜಲು ಹೊರಟ. ನಿಮ್ಮಪ್ಪ ತಟ್ಟನೆ ಎದ್ದು, ಉದ್ದಕ್ಕೆ ಉಜ್ಜಬೇಕು, ಹಾಗೆ ತಿಕ್ಕಿದರೆ ನಂಬರು ಅಳಿಸಿಹೋಗುತ್ತದೆ, ನಂಬರು ಹೋದರೆ ಇದು ಕಳ್ಳಮಾಲಾಗುತ್ತದೆ ಎಂದು ಹಿಂದಿಯಲ್ಲಿ ಗದರಿದರು. ಸೇಠನಿಗೂ ಇವರಿಗೂ ವಾದವೋ ವಾದ. ಎಷ್ಟು ತಿಂಗಳ ಮೇಲೆ ಆ ದನಿ ಕೇಳಿದೆನೋ, ನನಗೆ ಅಲ್ಲೇ ಅಳು ಬಂತು. ಅಂದಿನಿಂದ ಮೇಲಿಂದ ಮೇಲೆ ಇಲ್ಲಿಗೆ ಬಂದು ಮೇಸ್ತ್ರಿಯಂತೆ ಕೂರುತ್ತಾರೆ. ಬಂದ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತಾರೆ. ಬಾರದ ದಿನ ಮತ್ತೆ ಅದೇ ಮಂಚ, ಅದೇ ಗೋಡೆ.

ಈಗ ಕೆಲಸ ಮುಗಿದಿದೆ. ಇವತ್ತು ಅದನ್ನು ಬಿಡಿಸಿಕೊಳ್ಳಲು ಬಂದಿದ್ದೇವೆ. ಹೊಸದರಂತೆ ಮಿಂಚುತ್ತಿದೆಯಂತೆ, ನಾನು ನೋಡಲು ಹೋಗಲಿಲ್ಲ. ಬೇಕಾದರೆ ಅಂಗಡಿಯಲ್ಲೇ ಕಾಯಿದೆ ಪ್ರಕಾರ ಠೇವಣಿ ಇಡಬಹುದೇ ಎಂದು ಹೋದ ವಾರ ಸೇಠನನ್ನು ಗುಟ್ಟಾಗಿ ಕೇಳಿದ್ದೆ. ಅವನು ನನ್ನ ಮುಖ ನೋಡಿದ, ಈ ಸಲ ನಗಲಿಲ್ಲ. "ಸಹೀ ತೋ ಉನ್ ಕೀ ಚಾಹಿಯೇ, ಬಾಯಿ" ಅಂದ. ಲೈಸೆನ್ಸ್ ಯಾರದಿದೆಯೋ ಸಹಿಯೂ ಅವರದೇ ಬೇಕಂತೆ. ಇನ್ನು ಎಷ್ಟು ಸಲ ಹುಣಸೆಹಣ್ಣು ತಿಕ್ಕಲಿ? ಇಂದು ಸಂಜೆ ಆ ರಿವಾಲ್ವರ್ ನಮ್ಮ ಮನೆಯ ಕಪಾಟಿಗೆ ಬರುತ್ತದೆ, ಹಿಟ್ಟಿನ ಡಬ್ಬಿ ಹುಡುಕುವುದು ಎಷ್ಟು ಹೊತ್ತಿನ ಕೆಲಸ. ಬಚ್ಚಲಿಗೆ ಹೋದರೂ ನನ್ನ ಜೀವ ಆ ಕಪಾಟಿನಲ್ಲೇ ತೂಗಾಡುತ್ತದೆ. ನಿನಗೆ ಹೇಳಿ ನಿನ್ನ ನಿದ್ದೆಯನ್ನೂ ಕೆಡಿಸಿದೆ. ಆದರೆ ಇದನ್ನು ಒಬ್ಬಳೇ ಹೊರಲಾರೆ ಕಂದಾ.

ಮೆಟ್ಟಿಲ ಮೇಲೆ ಅವರ ಬೂಟು ಕಾಣಿಸಿತು. ನಿಲ್ಲಿಸುತ್ತೇನೆ. ನಿನ್ನ ಜೊತೆಯ ಹುಡುಗರಿಗೆಲ್ಲ ಈ ತಾಯಿಯ ಹರಕೆಯಿರಲಿ. ಬನಶಂಕರಿ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅವ್ವ,
ಸುಂದ್ರವ್ವ

ತಾ.ಕ.: ಪಾಕೀಟಿಗೆ ಹಾಕುವ ಮೊದಲು ಅವಸರದಲ್ಲಿ ಇಷ್ಟು. ನಿಮ್ಮಪ್ಪ ಬರಿಗೈಯಲ್ಲಿ ಬಂದು ಎದುರು ಕೂತರು. ಕೇಳದೆಯೇ ಹೇಳಿದರು, "ಅಲ್ಲೇ ಇಡಾಕ ಸಹಿ ಮಾಡಿ ಬಂದೀನಿ, ಸುಂದ್ರೀ. ಅದು ಮನ್ಯಾಗ ಬ್ಯಾಡ. ನನಗ ನನ್ನ ಮ್ಯಾಲ ಭರೋಸಾ ಇಲ್ಲ." ಅವರ ಕೈ ಹಿಡಿದುಕೊಂಡೆ. ಹೋಟೆಲು ತುಂಬ ಜನ, ಅವರು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಯಾರಿಗೆ ಬರೆಯುತ್ತಿದ್ದೀ ಎಂದರು. ಅನಿಲನಿಗೆ ಎಂದೆ. ಓದಲು ಕೇಳಲಿಲ್ಲ. "ಅವಗ ಬಾ ಅಂತ ಬರಿ. ನಾನಽ ಕರದೀನಿ ಅಂತ ಬರಿ" ಅಂದರು. ಯಾರನ್ನೂ ಎಂದೂ ಕರೆದವರಲ್ಲ ಅವರು. ರಜೆ ಹಾಕು, ಅನಿಲಾ. ನಿಮ್ಮಪ್ಪ ಕರೆಯುತ್ತಿದ್ದಾರೆ.