ಬೀಟೆಯ ಬೆನ್ನು

ಜೂನ್ 3, ಬೆಳಿಗ್ಗೆ 10

ಒಲೆ ಮೇಲೆ ಸರೇಸು, ಅದೇ ಚರ್ಮದ ಅಂಟು, ಕರಗ್ತಾ ಇದೆ. ವಾಸನೆಗೆ ಮೂಗು ಒಗ್ಗಿಹೋಗಿದೆ. ಅಕ್ಕನ ಗಿಟಾರ್ ಶೆಡ್ಡಿಗೆ ಬಂದು ಎರಡು ತಿಂಗಳು. ನನ್ನ ಬೀರು-ಬಾಗಿಲಿನ ಅಂಗಡಿ ಮುಚ್ಚಿದಾಗ, "ಮನೇಲಿ ಕೂತು ಮೂತಿ ಉಬ್ಬಿಸ್ಕೋಬೇಡ, ಬಾ" ಅಂದಳು. ಬಂದೆ. ಮೂವತ್ತು ವರ್ಷ ಮರ ನೇರ ಮಾಡಿದ ಕೈ. ಇಲ್ಲಿ ಎಲ್ಲಾ ಉಲ್ಟಾ.

ಇವತ್ತು ಅಟ್ಟದಿಂದ ಬೀಟೆ ಹಲಗೆ ಇಳಿಸಿದಳು. ಹತ್ತೊಂಬತ್ತು ವರ್ಷ ಕಾಪಾಡಿದ್ದು. ಇರೋದು ಒಂದೇ ಜೊತೆ. ಬಸ್ ಓಡಿಸೋ ಒಬ್ಬರ ಗಿಟಾರಿಗೆ ಬೆನ್ನಾಗುತ್ತಂತೆ. ದೊಡ್ಡ ದೊಡ್ಡವರು ಕೇಳಿದಾಗ ಕೊಡದವಳು!

"ಅವ್ರು ನುಡಿಸೋದು ಕೇಳಿದ್ದೀಯಾ?" ಅಂದಳು.

"ಇಲ್ಲ."

"ಹಾಗಿದ್ರೆ ಸುಮ್ನಿರು."

ಜೂನ್ 5

ಬೆನ್ನು ಯಾಕೆ ಉಬ್ಬಿರಬೇಕು ಅಂತ ಕೇಳಿದೆ. ಒಣ ಗಾಳಿಗೆ ಮರ ಕುಗ್ಗುತ್ತೆ. ಚಪ್ಪಟೆ ಇದ್ರೆ ಸೀದಾ ಸೀಳು. ಉಬ್ಬಿದ್ರೆ ಸ್ವಲ್ಪ ಇಳಿಯೋಕೆ ಜಾಗ ಇರುತ್ತೆ. ಇಷ್ಟು ಸರಳ. ಮೂವತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಒಳಗಡೆ ನಾಲ್ಕು ಅಡ್ಡಪಟ್ಟಿ. ಅವೇ ಬೆನ್ನಿಗೆ ಆ ಉಬ್ಬು ಕೊಡೋದು. ಅಗಲವಾದ ತಟ್ಟೆಯಂಥ ಹಳ್ಳದ ಹಲಗೆ, ಅದಕ್ಕೆ ಉಪ್ಪುಕಾಗದ ಅಂಟಿಸಿದೆ. ಅದರ ಮೇಲೆ ಪಟ್ಟಿ ಉಜ್ಜಿ ಉಜ್ಜಿ ಬಾಗು ತರಿಸಬೇಕು. ಸರಿಯಾಯ್ತು ಅಂತ ಕೊಟ್ಟೆ. ಅಕ್ಕ ಬೆಳಕಿಗೆ ಹಿಡಿದಳು, ಒಂದು ಕಣ್ಣು ಮುಚ್ಚಿದಳು. "ಈ ತುದೀಲಿ ಕೂದಲೆಳೆಯಷ್ಟು ಜಾಸ್ತಿ." ಅಳತೆಪಟ್ಟಿ ಇಟ್ಟು ನೋಡಿದೆ. ಕೂದಲೆಳೇನೇ! ಅದೇನು ಕಣ್ಣೋ...

ಜೂನ್ 6, ಸಂಜೆ

ಅಕ್ಕ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದಳು. ಮಾಮೂಲಿ ತಪಾಸಣೆ. "ಕಿಟಕಿ ತೆಗೀಬೇಡ. ನಾನು ಬರೋವರೆಗೂ ಅಂಟಿಸಬೇಡ" ಅಂತ ಎರಡು ಸಲ ಹೇಳಿ ಹೋದಳು. ಹೊರಗೆ ಜಿಟಿಜಿಟಿ ಮಳೆ. ಒಳಗೆ ಸೆಕೆ. ಕಿಟಕಿ ತೆಗೆದೆ. ತೇವದ ಮೀಟರ್ ನಲವತ್ತೈದರಿಂದ ಎಪ್ಪತ್ತಕ್ಕೆ ಹೋಯ್ತು. ನೋಡಿದೆ. ಆದ್ರೂ ನಾಲ್ಕೂ ಪಟ್ಟಿ ಅಂಟಿಸಿಬಿಟ್ಟೆ. ಬಂದು ನೋಡಿ ಬೆರಗಾಗಲಿ ಅಂತ.

ಬಂದಳು. ನೋಡಿದಳು. "ಅವಸರ ಯಾಕೋ?" ಅಂದಳು ಅಷ್ಟೆ.

ಕಿಟಕಿ ಅಷ್ಟೊತ್ತಿಗೆ ಮುಚ್ಚಿದ್ದೆ.

ಜೂನ್ 12

ಐದು ದಿನ ಬರೆಯೋಕೆ ಮನಸ್ಸಾಗಲಿಲ್ಲ. ಬೆನ್ನು ಕೂತುಬಿಟ್ಟಿದೆ. ಮಳೆ ಹೋಯ್ತು, ಗಾಳಿ ಒಣಗ್ತು, ತೇವ ಕುಡಿದು ಹಿಗ್ಗಿದ್ದ ಹಲಗೆ ಕುಗ್ತು, ಉಬ್ಬು ಇಳೀತು. ನಡುವೆ ಅಂಗೈ ಇಟ್ರೆ ಚಪ್ಪಟೆ.

"ಕಿಟಕಿ ತೆಗೆದಿದ್ಯಾ?"

"ಇಲ್ಲ ಅಕ್ಕ."

ಬಾಯಿಗೆ ಬಂದುಬಿಡ್ತು. ಐವತ್ತೆರಡು ವಯಸ್ಸು ನನಗೆ.

ಅವಳು ಸ್ಟೂಲ್ ಮೇಲೆ ಕೂತಳು. "ಹಾಗಾದ್ರೆ ಮರಾನ ನಾನೇ ಸರಿಯಾಗಿ ನೋಡಿಲ್ಲ. ಅಟ್ಟದಲ್ಲಿ ತೇವ ಹಿಡಿದಿತ್ತೇನೋ." ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು, ಮತ್ತೆ ಒರೆಸಿದಳು. ಡ್ರೈವರ್‌ಗೆ ಫೋನ್ ಮಾಡಿ, ನನ್ನ ಕೈಲಾಗಲ್ಲ, ಬೇರೆ ಕಡೆ ನೋಡ್ಕೊಳ್ಳಿ ಅಂತಾಳಂತೆ. ನಾಳೆ.

ಜೂನ್ 13, ಬೆಳಿಗ್ಗೆ 8

ಅಕ್ಕ ಫೋನ್ ಕೈಗೆ ತಗೊಂಡಾಗ ಹೇಳಿದೆ. ಕಿಟಕಿ, ಮಳೆ, ಮೀಟರ್, ಸುಳ್ಳು — ಎಲ್ಲಾ.

ಬೈತಾಳೆ ಅಂದುಕೊಂಡೆ. ಬೈಲಿಲ್ಲ. ಮುಖ ಕೆಂಪಾಯ್ತು.

"ಮರ ಹೋದ್ರೆ ಹೋಗ್ಲಿ ಕಣೋ. ರಾತ್ರಿಯೆಲ್ಲಾ ನನ್ನ ಕಣ್ಣನ್ನ ನಾನೇ ನಂಬದ ಹಾಗೆ ಮಾಡಿದ್ಯಲ್ಲ."

ಫೋನ್ ಪಕ್ಕಕ್ಕಿಟ್ಟು ಬೆನ್ನನ್ನ ಕೆಲಸದ ಮೇಜಿಗೆ ತಂದಳು.

ಅದೇ ದಿನ, ಮಧ್ಯಾಹ್ನ

ಪಟ್ಟಿ ನಾಲ್ಕೂ ಬಿಡಿಸಿದಳು! ಸರೇಸಿಗೆ ಬಿಸಿ ತಾಗಿದ್ರೆ ಪಟ್ಟು ಸಡಿಲ ಮಾಡುತ್ತೆ, ಅದಕ್ಕೇ ಅವಳು ಬೇರೆ ಅಂಟು ಮುಟ್ಟೋದಿಲ್ಲ. ತೆಳು ಚಾಕು, ಬಿಸಿನೀರು, ಒದ್ದೆ ಬಟ್ಟೆ. ಒಂದೊಂದು ಪಟ್ಟೀಗೂ ಮುಕ್ಕಾಲು ಗಂಟೆ. ಚಾಕು ಅಂಗುಲ ಅಂಗುಲ ಸರೀತಿತ್ತು. ಬೀಟೆ ಮೇಲೆ ಒಂದು ಗೀರಿಲ್ಲ. ನನಗಿಂತ ಆರು ವರ್ಷ ದೊಡ್ಡವಳು. ಮೂರು ಗಂಟೆ ನಿಂತೇ ಇದ್ದಳು. "ನೀರು" ಅಂದಾಗೆಲ್ಲಾ ಬಿಸಿ ಮಾಡಿ ತಂದುಕೊಟ್ಟೆ.

ಜೂನ್ 28

ಹಲಗೆ ಎರಡು ವಾರ ಒಣಗಿತು. ಹೊಸ ಪಟ್ಟಿ ನಾಲ್ಕೂ ನಾನೇ ಉಜ್ಜಿದೆ, ಅವಳು ಹೇಳದೇನೇ. ಬೆಳಕಿಗೆ ಹಿಡಿದಳು. ಸರೇಸು ಬಿಸಿಗಿಟ್ಟಳು. ಅಬ್ಬಾ.

ಜೂನ್ 30

ಪಟ್ಟಿಗಳ ತೂಕ ಇಳಿಸೋ ಕೆಲಸ. ಉಳಿ ಹಿಡಿದು ತುದಿಗಳನ್ನ ಸವರ್ತಾಳೆ, ಬೆನ್ನನ್ನ ಎರಡು ಬೆರಳಲ್ಲಿ ತೂಗಿ ಹಿಡಿದು ಗೆಣ್ಣಿಂದ ತಟ್ತಾಳೆ, ಕೇಳ್ತಾಳೆ. ಮತ್ತೆ ಸವರ್ತಾಳೆ. ಮೊದಲು ಪೆಟ್ಟಿಗೆ ಬಡಿದ ಹಾಗೆ ಮೊಂಡು ಸದ್ದು. ಸಿಪ್ಪೆ ಉದುರಿದಂಗೆಲ್ಲಾ ಸದ್ದು ಉದ್ದವಾಗ್ತಾ ಬಂತು. ಮೂರು ಮುಗಿಸಿ ಉಳಿ ನನ್ನ ಕೈಗೆ ಕೊಟ್ಟಳು. ನಾಲ್ಕನೇದು ನಂದು.

"ನಂಗೆ ಗೊತ್ತಾಗಲ್ಲ ಅಕ್ಕ, ಎಲ್ಲಿ ನಿಲ್ಲಿಸಬೇಕು ಅಂತ."

"ಕೇಳು. ಅವಸರ ಪಡದೇ ಇದ್ರೆ ಗೊತ್ತಾಗುತ್ತೆ."

ಒಂದೊಂದೇ ಸಿಪ್ಪೆ ಸವರಿ, ತಟ್ಟಿ, ಕೇಳಿದೆ. ಮಾಡಿದೆ.

ಜುಲೈ 1, 11 ಗಂಟೆ

ಡ್ರೈವರ್ ಬಂದಿದ್ದಾರೆ, ರಜೆ ಹಾಕಿ. ಅಕ್ಕ ನಡೆದದ್ದೆಲ್ಲಾ ಮುಚ್ಚಿಡದೆ ಹೇಳಿದಳು, ನನ್ನ ಎದುರಿಗೇ. ತಲೆ ತಗ್ಗಿಸಿ ನಿಂತೆ. ಅವರು ಬೆನ್ನನ್ನ ಎತ್ತಿ ತಟ್ಟಿದರು. ಗುಂಯ್ ಅಂತ ಎಷ್ಟು ಹೊತ್ತು ನಿಂತಿತು! ಅವರ ಕಣ್ಣಲ್ಲಿ ನೀರು. ನಾನು ಕಿಟಕಿ ಕಡೆ ತಿರುಗಿದೆ.

"ಈ ನಾಲ್ಕನೇ ಪಟ್ಟಿ ಸವರಿದ್ದು ನಮ್ಮ ತಮ್ಮ" ಅಂದಳು ಅಕ್ಕ.

ಈಗ ಬೆನ್ನನ್ನ ಗಿಟಾರಿನ ಒಡಲಿಗೆ ಅಂಟಿಸಿ ಮುಚ್ಚಬೇಕು. ಮುಚ್ಚೋಕೆ ಮುಂಚೆ ಪೆನ್ಸಿಲಲ್ಲಿ ಒಳಗೆ ಬರೀಬೇಕಂತೆ — ಪಟ್ಟಿ ಒಂದು ಸಲ ಕಿತ್ತು ಮತ್ತೆ ಹಾಕಿದ್ದು, ತಪ್ಪು ಯಾರದು, ಸರಿ ಮಾಡಿದ್ದು ಯಾರು ಅಂತ. ಮುಂದೆ ರಿಪೇರಿ ಮಾಡೋರಿಗೆ ಗೊತ್ತಿರಲಿ ಅಂತಾಳೆ. ಮೊದಲು ಇಲ್ಲಿ ಬರೆದು ನೋಡ್ತೀನಿ. ತಪ್ಪು: ತಮ್ಮ. ಸರಿ ಮಾಡಿದ್ದು: ಅಕ್ಕ. ಇಣುಕಿ ನೋಡಿ 'ಅಕ್ಕ' ಅನ್ನೋದನ್ನ ಹೊಡೆದುಹಾಕಿದಳು. "ಇಬ್ಬರೂ ಅಂತ ಬರಿಯೋ. ಬೇಗ, ಸರೇಸು ಆರಿ—"