ನನ್ನ ಬದಿಯ ಬ್ರೇಕ್

ಸೋಮವಾರ, ಬೆಳಿಗ್ಗೆ

ಆಮೆರಾಯರಿಗೆ,

ಓದಿದ ಕೂಡಲೇ ಹುಬ್ಬು ಗಂಟಿಕ್ಕಬೇಡ. ಮೊದಲು ‘ಪ್ರಿಯ’ ಅಂತ ಬರೆದೆ, ನನಗೇ ನಗು ಬಂತು. ಬರೀ ಹೆಸರು ಬರೆದೆ, ಕೋರ್ಟಿನ ನೋಟಿಸಿನ ಹಾಗೆ ಕಂಡಿತು. ಕೊನೆಗೆ ನಿನಗೆ ಕಾರು ಕಲಿಸುವಾಗ ಇಟ್ಟ ಅಡ್ಡಹೆಸರೇ ಕೈಗೆ ಬಂತು. ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಸಂಸಾರದ ಕಥೆ ಗೊತ್ತಲ್ಲ, ಮಾತು ಶುರುವಾಗುವುದೇ ತಡ, ಕಾಲು ಕೆರೆದುಕೊಂಡು ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಅಪಘಾತದ ಸುದ್ದಿ ನಿನ್ನ ಅಕ್ಕ ಹೇಳಿರುತ್ತಾರೆ, ಅವರ ಬಾಯಲ್ಲಿ ಏನು ತಾನೇ ನಿಲ್ಲುತ್ತೆ. ಆಗಿದ್ದು ಇಷ್ಟು. ರಿಟೈರಾದ ನರ್ಸಮ್ಮ ಒಬ್ಬರು ನನ್ನ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದರು. ಪಾಪ, ಹಸಿರು ದೀಪ ಬಂದ ಮೇಲೆಯೇ, ಎರಡೂ ಕಡೆ ನೋಡಿಯೇ ಕಾರು ಬಿಟ್ಟರು. ಅಡ್ಡರಸ್ತೆಯಲ್ಲಿ ಒಂದು ಲಾರಿ ಕೆಂಪು ದೀಪ ಲೆಕ್ಕಿಸದೆ ನುಗ್ಗಿ ಬಂತು. ನಾನು ನನ್ನ ಬದಿಯ ಬ್ರೇಕ್ ಒತ್ತಿದೆ. ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ, ಅದರ ರುಚಿ ಚೆನ್ನಾಗಿ ಕಂಡವನು ನೀನು. ಆದರೂ ಲಾರಿ ಗುದ್ದಿತು. ಅವರ ತೋಳು ಮುರಿಯಿತು, ನನ್ನ ಹಣೆಗೆ ಹೊಲಿಗೆ ಬಿತ್ತು. ತಪ್ಪು ಲಾರಿಯವನದೇ ಅಂತ ಪೊಲೀಸರು ಹೇಳಿದರು, ವಿಮೆಯವರು ಹೇಳಿದರು, ಖುದ್ದು ನರ್ಸಮ್ಮನೂ ಹೇಳಿದರು. ನನ್ನ ಬಲಗಾಲು ಮಾತ್ರ ಒಪ್ಪುತ್ತಿಲ್ಲ.

ಅದು ಒತ್ತುತ್ತಲೇ ಇದೆ. ಊಟದ ಮೇಜಿನ ಕೆಳಗೆ, ಹಾಸಿಗೆಯಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ದಿನವಿಡೀ ಅದೇನು ಕುಟ್ಟುತ್ತೀರಿ ಅಂತ ಕೆಳಗಿನ ಮನೆಯವರು ಬಂದು ಕೇಳಿದರು. ಈ ಕಾಗದ ಬರೆಯುತ್ತಲೇ ಎದ್ದು ಕಿಟಕಿಯ ತನಕ ಹೋಗಿ ಬಂದೆ, ಕೂತೆ, ಮತ್ತೆ ಎದ್ದೆ. ಕಾರಿನ ಆ ಸೀಟಿನ ಹತ್ತಿರ ಹೋದರೆ ಎದೆ ಧಸಕ್ಕೆನ್ನುತ್ತೆ, ಬಾಗಿಲ ಹಿಡಿಕೆ ಮುಟ್ಟಿದರೆ ಅಂಗೈ ಒದ್ದೆಯಾಗುತ್ತೆ. ಡ್ರೈವಿಂಗ್ ಶಾಲೆಯ ಯಜಮಾನರು ಒಳ್ಳೆಯವರೇ, ಈ ತಿಂಗಳ ಕೊನೆಯ ತನಕ ಕಾಯುತ್ತೇನೆ ಅಂದಿದ್ದಾರೆ. ಆಮೇಲೂ ನಾನು ಕೂರದಿದ್ದರೆ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ. ನಾನು, ಫೋನ್ ಎತ್ತುವುದು! ನರ್ಸಮ್ಮನ ಪ್ಲಾಸ್ಟರ್ ಬಿಚ್ಚಿಯಾಯಿತು. ಕಲಿತರೆ ನನ್ನ ಹತ್ತಿರವೇ ಕಲಿಯುವುದು ಅಂತ ಹಟ ಹಿಡಿದು ಕೂತಿದ್ದಾರಂತೆ. ಅವರ ಮುಖ ನೋಡಲಾರದೆ ನಾನು ಹಿಂಬಾಗಿಲಿನಿಂದ ಓಡಾಡುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಒಬ್ಬ ಆಪ್ತಸಲಹೆಗಾರ್ತಿಯ ಹತ್ತಿರ ಹೋಗುತ್ತಿದ್ದೇನೆ. ಮೂಗು ಮುರಿಯಬೇಡ, ಮೊದಲು ನಾನೂ ಮುರಿದಿದ್ದೆ. ಲಾರಿಯ ವಿಷಯ ಕೆದಕುತ್ತಾರೆ ಅಂದುಕೊಂಡಿದ್ದರೆ ಆಕೆ ಕೇಳಿದ್ದೇ ಬೇರೆ. ನಿಮ್ಮ ಕಾಲು ಪೂರ್ತಿ ನಿಶ್ಚಿಂತೆಯಾಗಿದ್ದ ಒಂದು ನೆನಪು ಹುಡುಕಿ ತನ್ನಿ ಅಂದರು. ಬರೀ ಕಥೆಯಾಗಿ ಅಲ್ಲ, ಬೆಳಕು, ವಾಸನೆ, ಸದ್ದು, ಪಕ್ಕದಲ್ಲಿದ್ದವರು ಎಲ್ಲ ಸೇರಿಸಿ. ಅದು ಲಾರಿಯ ಮೇಲೆ ಬಣ್ಣ ಬಳಿಯುವುದಕ್ಕಲ್ಲವಂತೆ. ಲಾರಿಯನ್ನು ತಿರುಗಿ ನೋಡುವಾಗ ನಿಂತುಕೊಳ್ಳಲು ಒಂದು ಗಟ್ಟಿ ಜಾಗ ಬೇಕು, ನೋಡಿ ಸಾಕಾದಾಗ ವಾಪಸ್ ಬರಲೂ ಒಂದು ಜಾಗ ಬೇಕು, ಅದಕ್ಕೆ.

ಹುಡುಕಿದೆ ಮಾರಾಯ. ಅಪ್ಪನ ಹೆಗಲು, ಅಮ್ಮನ ಮಡಿಲು, ಸಮುದ್ರದ ಮರಳು, ಏನೇನೋ ತಂದುಕೊಂಡೆ. ಕಾಲು ಎಲ್ಲದರಲ್ಲೂ ಒತ್ತಿತು. ಒಂದೇ ಒಂದರಲ್ಲಿ ಒತ್ತಲಿಲ್ಲ. ಆ ಹಾಳಾದ್ದರಲ್ಲಿ ನೀನಿದ್ದೀಯ.

ನಿನಗೆ ಲೈಸೆನ್ಸ್ ಬಂದ ವಾರ. ನಿನ್ನ ಅಕ್ಕನ ಮನೆಯಿಂದ ವಾಪಸ್ ಬರುತ್ತಿದ್ದೆವು, ಮಧ್ಯಾಹ್ನ, ನಮ್ಮ ಹಳೇ ಬೂದು ಕಾರು. ಅದರಲ್ಲಿ ನನ್ನ ಬದಿಗೆ ಬ್ರೇಕ್ ಇರಲಿಲ್ಲ. ಬೇರೆಯವರು ಓಡಿಸುವಾಗ ಕಣ್ಣು ಮಿಟುಕಿಸದವಳು ಅವತ್ತು ಚಪ್ಪಲಿ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ನಿದ್ದೆ ಹೋದೆ. ಎಚ್ಚರವಾದಾಗ ಕಾರು ಒಂದು ಗೋಡೆಯ ಹತ್ತಿರ ನಿಂತಿತ್ತು. ಎಂಜಿನ್ ಗುರುಗುಡುತ್ತಿತ್ತು. ನಿನ್ನ ಸ್ವೆಟರ್ ನನ್ನ ಮೇಲಿತ್ತು. ನನ್ನ ನಿದ್ದೆ ಕೆಡಬಾರದು ಅಂತ ನೀನು ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ.

ನಿನ್ನನ್ನು ಅಲ್ಲಿಂದ ಎಬ್ಬಿಸಿ ಕಳಿಸಲು ನೋಡಿದೆ. ಆ ಸೀಟಿನಲ್ಲಿ ನನ್ನ ತಮ್ಮನನ್ನು ಕೂರಿಸಿದೆ, ಆಮೇಲೆ ಶಾಲೆಯ ಯಜಮಾನರನ್ನು. ಕಾಲು ಶುರುಹಚ್ಚಿಕೊಂಡಿತು. ಇರುವವರನ್ನು ಇದ್ದಲ್ಲೇ ಬಿಡಿ ಅಂದರು ಸಲಹೆಗಾರ್ತಿ. ಅದಕ್ಕೇ ಈ ಕಾಗದ. ಅದು ಯಾವ ಗೋಡೆ? ಏನೋ ವಾಸನೆ ಇತ್ತಲ್ಲ, ಅದೇನು? ನಾನು ಎಷ್ಟು ಹೊತ್ತು ಮಲಗಿದ್ದೆ? ಸತ್ಯ ಬರೆ. ಬರುವುದೇನೂ ಬೇಡ, ಬರೆದು ಹಾಕಿದರೆ ಸಾಕು.

ಇಂತಿ,
ಕಾಲು ನಿಲ್ಲದವಳು

ತಾ.ಕ.: ಆ ಸ್ವೆಟರ್ ಇನ್ನೂ ಇಲ್ಲೇ ಇದೆ. ಬೇಕಿದ್ದರೆ ಹೇಳು. ಬೇಡವಾದರೂ ಹೇಳು.

&nbsp;

ಶುಕ್ರವಾರ

ಮೇಷ್ಟ್ರಮ್ಮನಿಗೆ,

ನಿನ್ನ ಕಾಗದ ಅಂಗಡಿಗೆ ಬಂತು. ಯಾರದೋ ಕನ್ನಡಕದ ಗಾಜು ಉಜ್ಜುತ್ತಿದ್ದೆ, ನಿನ್ನ ಅಕ್ಷರ ನೋಡುತ್ತಾ ಅಳತೆ ಮೀರಿ ಉಜ್ಜಿ ಗಾಜು ಹಾಳಾಯಿತು. ಅಕ್ಕ ನನಗೆ ಹೇಳಿದ್ದು ‘ಸಣ್ಣ ಪೆಟ್ಟು’ ಅಂತ ಮಾತ್ರ. ಅವತ್ತೇ ಬಂದು ನೋಡಬೇಕಿತ್ತು. ನಿನ್ನ ಬಾಗಿಲ ಮುಂದೆ ನಿಂತರೆ ಹೇಗೆ ನಿಂತಿದ್ದೇನೆ ಅಂತಲೂ ತಿದ್ದುತ್ತೀಯೇನೋ ಅನ್ನಿಸಿ ಬರಲಿಲ್ಲ. ಮನೆ ಬಿಡುವಾಗ ಆಡಿದ ಮಾತು ನಿನಗೆ ನೆನಪಿರುತ್ತೆ. “ಈ ಮನೆಯಲ್ಲಿ ನಾನು ಏನು ಮಾಡಿದರೂ ನಿನ್ನ ಬದಿಯಲ್ಲೊಂದು ಬ್ರೇಕ್ ಇರುತ್ತೆ.” ಆ ಮಾತು ಸುಳ್ಳಲ್ಲ. ಆದರೆ ಅದನ್ನೇ ಹೇಳಿ ಬಾಗಿಲು ಎಳೆದುಕೊಂಡು ಬರುವ ಅಗತ್ಯ ಇರಲಿಲ್ಲ ಅಂತ ಈಗ ಅನ್ನಿಸುತ್ತೆ.

ಸತ್ಯ ಬರೆ ಅಂದಿದ್ದೀಯ. ಸುಳ್ಳು ಬರೆದರೆ ನಿನಗೆ ಹಿತ, ನನಗೆ ಮರ್ಯಾದೆ. ಆದರೆ ಸುಳ್ಳಿನ ಮೇಲೆ ನಿನ್ನ ಕಾಲು ನಿಲ್ಲಿಸಲು ನನಗೆ ಧೈರ್ಯವಿಲ್ಲ.

ಅದು ಮರ ಕೊಯ್ಯುವ ಮಿಲ್ಲಿನ ಗೋಡೆ. ನಿನಗೆ ಬಂದದ್ದು ಹಸಿ ಮರದ ಪುಡಿಯ ವಾಸನೆ. ನಾನು ನಿಲ್ಲಿಸಿದ್ದು ನಿನ್ನ ನಿದ್ದೆಗಾಗಿ ಅಲ್ಲ. ದಾರಿ ತಪ್ಪಿದ್ದೆ. ರಸ್ತೆ ಮುಂದಕ್ಕೆ ಹೋಗುತ್ತೆ ಅಂದುಕೊಂಡರೆ ಎದುರಿಗೆ ಗೋಡೆ. ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ, ಪರೀಕ್ಷೆಯ ದಿನ ಅದೃಷ್ಟದಿಂದ ಪಾಸಾದವನು ನಾನು. ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತೋ ಇಲ್ಲವೋ ಅಂತ ಆರಿಸಲಿಲ್ಲ. ನಿನ್ನನ್ನು ಎಬ್ಬಿಸಿದರೆ ಬೈಸಿಕೊಳ್ಳಬೇಕು. ಅದಕ್ಕೆ ಸ್ಟೀರಿಂಗ್ ಹಿಡಿದು ಬೆವರುತ್ತಾ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಮಿಲ್ಲಿನವರು ಊಟ ಮುಗಿಸಿ ಬಂದು ಮತ್ತೆ ಗರಗಸ ಹಾಕಿದರು. ಆ ಸದ್ದಿಗೂ ನೀನು ಏಳಲಿಲ್ಲ. ಎದ್ದ ಮೇಲೆ, ನಿನ್ನ ನಿದ್ದೆ ಕೆಡಬಾರದು ಅಂತ ನಿಲ್ಲಿಸಿದೆ ಅಂತ ಹೇಳಿ ಸ್ಟೀರಿಂಗ್ ನಿನಗೇ ಕೊಟ್ಟೆ.

ಇನ್ನೊಂದು ಹೇಳಿಬಿಡುತ್ತೇನೆ. ತಿರುವು ದಾಟಿದ ಕೂಡಲೇ ಗೋಡೆ ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಆದರೂ ನೀನು ಕಲಿಸಿದ ಹಾಗೇ ಒತ್ತಿದೆ, ಕಾಲಡಿಯಲ್ಲಿ ಮೊಟ್ಟೆ ಇದೆ ಅಂದುಕೊಂಡು, ಮೊಟ್ಟೆ ಒಡೆಯದ ಹಾಗೆ. ಒಂದು ಕೈ ನಿನಗೆ ಅಡ್ಡ ಹಿಡಿದಿದ್ದೆ. ನೀನು ಸ್ವಲ್ಪವೂ ಅಲುಗಲಿಲ್ಲ.

ನಿನ್ನ ಒಳ್ಳೆಯ ನೆನಪು ಕೆಡಿಸಿದ್ದರೆ ಕ್ಷಮಿಸು.

ಗಾಜು ಉಜ್ಜುವ
ಆಮೆ

ತಾ.ಕ.: ಸ್ವೆಟರ್ ಅಲ್ಲೇ ಇರಲಿ.

&nbsp;

ಬುಧವಾರ, ನಿಂತುಕೊಂಡೇ ಬರೆಯುತ್ತಿದ್ದೇನೆ

ಆಮೆ,

ನಿನ್ನ ಕಾಗದ ಓದಿ ಮೈ ಉರಿದುಹೋಯಿತು. ಇಷ್ಟು ವರ್ಷ ಪ್ರೀತಿ ಅಂತ ಕಾಪಾಡಿಕೊಂಡು ಬಂದದ್ದು ಬರೀ ಪುಕ್ಕಲುತನವಾ! ಬೀದಿ ಸುತ್ತಿದೆ, ಕಾಲು ನೋಯುವ ತನಕ ಸುತ್ತಿದೆ. ಅಲ್ಲಿಂದ ನೇರ ಸಲಹೆಗಾರ್ತಿಯ ಹತ್ತಿರ ಹೋಗಿ, ನನ್ನ ಗಟ್ಟಿ ಜಾಗ ಕುಸಿದುಬಿತ್ತು, ಅವನು ನನಗಾಗಿ ಕೂತಿರಲಿಲ್ಲ ಅಂದೆ. ಆಕೆ ಸಮಾಧಾನವನ್ನೂ ಹೇಳಲಿಲ್ಲ, ಏನೂ ಇಲ್ಲ. ಹೊಸ ವಿವರಗಳ ಸಮೇತ ಒಂದು ಸಲ ಹೋಗಿ ಬನ್ನಿ, ಕಾಲು ಏನನ್ನುತ್ತೋ ಕೇಳೋಣ ಅಂದರು.

ಕಣ್ಣು ಮುಚ್ಚಿದೆ. ಗೋಡೆ ಬಂತು. ಮರದ ಪುಡಿಯ ವಾಸನೆ ಬಂತು, ನಿಜವಾಗಿ ಬಂತು ಕಣೋ. ಗರಗಸ. ಬೆವರುತ್ತಿರುವ ನಿನ್ನ ಮುಖ, ನನಗೆ ಅಡ್ಡ ಹಿಡಿದ ನಿನ್ನ ಕೈ. ಕಾಲು ಸುಮ್ಮನಿತ್ತು. ಮೊದಲಿಗಿಂತ ಸುಮ್ಮನಿತ್ತು. ಯಾಕೆ ಅಂತ ಕೇಳಿದರು. ನನಗೆ ಅಳು ಬಂತು. ಅವತ್ತು ಹೆದರಿದ್ದವನೇ ಕಾರು ನಿಲ್ಲಿಸಿದ್ದ. ನಾನಿಲ್ಲದೆ. ನಾನು ಮಲಗಿದ್ದೆ, ಆದರೂ ಕಾರು ನಿಂತಿತ್ತು.

ಅಲ್ಲಿಂದ ಹೊರಟವಳು ನರ್ಸಮ್ಮನ ಮನೆಗೆ ಹೋದೆ. ಹಿಂಬಾಗಿಲಿನಿಂದಲ್ಲ, ಮುಂಬಾಗಿಲಿನಿಂದಲೇ. ಅವತ್ತು ನಿಮಗೆ ಏನೇನು ನೆನಪಿದೆ ಅಂತ ಕೇಳಿದೆ. ಇಷ್ಟು ದಿನ ಯಾಕೆ ಕೇಳಿರಲಿಲ್ಲವೋ, ನನ್ನ ತಲೆ. ಅವರು ನನ್ನನ್ನು ಸೋಫಾದ ಮೇಲೆ ಕೂರಿಸಿ, ಎದುರಿಗೆ ನೆಲದ ಮೇಲೆ ಕೂತು, ಕುಟ್ಟುತ್ತಿದ್ದ ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: “ನಾನೂ ಒತ್ತಿದ್ದೆ ಕಣಮ್ಮ. ನೀನು ಒತ್ತುವ ಮೊದಲೇ ಒತ್ತಿದ್ದೆ. ಇಬ್ಬರೂ ಒತ್ತಿದ್ದೆವು.”

ಕಾರಿನಲ್ಲಿ ಬ್ರೇಕ್ ಒತ್ತುವವಳು ನಾನೊಬ್ಬಳೇ ಅಂದುಕೊಂಡೇ ಇಷ್ಟು ದಿನ ಒತ್ತಿದ್ದೇನೆ. ನಮ್ಮ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೆ ಕಾಣುತ್ತೆ. ಅದರ ಮಾತು ಈಗ ಬೇಡ, ಒಂದೇ ಸಲಕ್ಕೆ ಇಷ್ಟೆಲ್ಲ ಒಪ್ಪಿಕೊಂಡರೆ ನಿನ್ನ ಕೊಂಬು ಬೆಳೆಯುತ್ತೆ.

ಪೂರ್ತಿ ವಾಸಿಯಾಯಿತು ಅಂತ ತಿಳಿಯಬೇಡ. ಇವತ್ತು ಬೆಳಿಗ್ಗೆ ಲಾರಿಯ ಹಾರ್ನ್ ಕೇಳಿ ಚಹಾ ಸೀರೆಯ ಮೇಲೆ ಚೆಲ್ಲಿಕೊಂಡೆ. ಆಮೇಲೆ ಶಾಲೆಗೆ ಹೋಗಿ, ನಿಂತಿದ್ದ ಕಾರಿನ ಆ ಸೀಟಿನಲ್ಲಿ ಕೂತೆ, ಬಾಗಿಲು ತೆರೆದಿಟ್ಟುಕೊಂಡು. ಬೆವರಿ ಇಳಿದೆ. ಗೋಡೆಯನ್ನು, ಮರದ ಪುಡಿಯನ್ನು ನೆನೆದು ಮತ್ತೆ ಹತ್ತಿದೆ. ಎರಡನೇ ಸಲ ಬಾಗಿಲು ಹಾಕಿಕೊಂಡೆ. ನರ್ಸಮ್ಮನ ಪಾಠ ಸೋಮವಾರಕ್ಕೆ ಗೊತ್ತು ಮಾಡಿಕೊಂಡು ಬಂದಿದ್ದೇನೆ. ಅವತ್ತು ಕಾಲು ಸುಮ್ಮನಿರುತ್ತೋ ಇಲ್ಲವೋ ನನಗೂ ಗೊತ್ತಿಲ್ಲ.

ಇಂತಿ,
ಮೊಟ್ಟೆ ಒಡೆಯದ ಹಾಗೆ ಒತ್ತುವುದನ್ನು ಕಲಿಸಿದವಳು

ತಾ.ಕ.: ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನ ಖಾಲಿ ಇರುತ್ತೆ. ಮೆಕ್ಯಾನಿಕ್‌ಗೆ ಹೇಳಿ ನನ್ನ ಬದಿಯ ಬ್ರೇಕನ್ನು ಆ ಒಂದು ದಿನಕ್ಕೆ ಬಿಚ್ಚಿಸುತ್ತಿದ್ದೇನೆ. ಸೋಮವಾರಕ್ಕೆ ಮೊದಲು ಒಂದು ಸಲ ಅದಿಲ್ಲದೆ ಕೂತು ನೋಡಬೇಕು, ಚಪ್ಪಲಿ ಬಿಚ್ಚಿ. ಓಡಿಸುವವರು ಯಾರು ಅಂತ ಯಜಮಾನರು ಕೇಳಿದರು. ಕೇಳಿ ಹೇಳುತ್ತೇನೆ ಅಂದಿದ್ದೇನೆ. ಹಿಂದಕ್ಕೆ ತೆಗೆಯುವುದನ್ನು ಈಗಲಾದರೂ ಕಲಿತಿದ್ದೀಯಾ?