ಎಣಿಸಿದ್ದು ಯಾರು?

ಮಾರ್ಚ್ 4, ಬೆಳಿಗ್ಗೆ 9.20

ರಿಪೇರಿಗೆ ಮೂರು ಮೋಟರ್ ಒಳಗೆ, ಎರಡು ಹೊರಗೆ. ವಾರ್ನಿಶ್ ವಾಸನೆಗೆ ಆಗಲೇ ತಲೆನೋವು. ಜಾಬ್ ಕಾರ್ಡೆಲ್ಲ ಹೊಸ ಸಾಫ್ಟ್‌ವೇರಿಗೆ ಏರಿಸಿಯಾಯಿತು. ಸುಖವಿದೆ, ಒಪ್ಪಬೇಕು. ಸುಟ್ಟ ಮೋಟರ್ ಯಾವ ಮೇಜಿನ ಮೇಲಿದೆ, ತಂತಿ ಸುತ್ತಿ ಆಯಿತೇ ಎಂಬುದೆಲ್ಲ ಮನೆಯಲ್ಲಿ ಕಾಫಿ ಕುಡಿಯುತ್ತಲೇ ಫೋನಿನಲ್ಲಿ ಕಾಣುತ್ತದೆ. ಗಿರಾಕಿ ಕೇಳಿದರೆ ‘ತಡೀರಿ, ಅಣ್ಣ ಬರಲಿ’ ಎನ್ನಬೇಕಾಗಿಲ್ಲ.

ಅಣ್ಣ ಬರುವುದೂ ಇಲ್ಲ. ಇವತ್ತಿಗೆ ಹತ್ತೊಂಬತ್ತು ದಿನ. ಯಾವ ಮೋಟರಿಗೆ ಎಷ್ಟು ಸುತ್ತು ತಂತಿ ಎಂಬುದು ಇದ್ದದ್ದು ಅವನ ಜೇಬಿನ ಪುಸ್ತಕದಲ್ಲಿ. ಅದನ್ನೂ ಕಂಪ್ಯೂಟರಿಗೆ ಹಾಕೋಣ ಅಂದೆ, ಅಷ್ಟೇ.

“ನಾನು ಇಲ್ಲದಿದ್ರೂ ನಡೀಬೇಕು ಅಂತ ತಾನೇ ಇದೆಲ್ಲ?” ಅಂದ.

ನನಗೂ ಮೂಗಿನ ತುದಿಯಲ್ಲೇ ಕೋಪ. “ಹೌದು, ನಡೀಬೇಕು” ಅಂದುಬಿಟ್ಟೆ. ಪುಸ್ತಕ ಜೇಬಿಗಿಟ್ಟು ಹೊರಟವನು ಹೊರಟೇ ಹೋದ.

ಮಾರ್ಚ್ 5

ಸಾಫ್ಟ್‌ವೇರಿನ ಪುಟದ ಮೇಲೆ ಹಸಿರು ಚುಕ್ಕಿ. ಯಾರಾದರೂ ಒಳಗೆ ಬಂದರೆ ಅವರ ಹೆಸರಿನ ಪಕ್ಕ ಉರಿಯುತ್ತದಂತೆ. ಇರುವವರು ನಾಲ್ಕೇ ಜನ. ನಾನು, ಮೋಟರ್ ಬಿಚ್ಚುವ ಮೀಸೆ, ತಂತಿ ಸುತ್ತುವ ತಂತಿಯಕ್ಕ, ಆಮೇಲೆ ಅಣ್ಣ. ಅವನ ಲಾಗಿನ್ ತೆಗೆದುಹಾಕಿರಲಿಲ್ಲ.

ಉರಿಯುತ್ತಿದ್ದದ್ದು ಅಣ್ಣನದು! ಹತ್ತೂ ಹತ್ತಕ್ಕೆ ಬಂತು. ಹತ್ತೂ ನಲವತ್ತಕ್ಕೆ ಆರಿತು. ಕಂಪ್ಯೂಟರ್ ಕಂಡರೆ ಮೂಗು ಮುರಿಯುತ್ತಿದ್ದವನು ಅರ್ಧ ಗಂಟೆ ಏನು ಮಾಡಿದ?

ಮಾರ್ಚ್ 7

ಮತ್ತೆ ಬಂತು. ಹತ್ತೂ ಹತ್ತಕ್ಕೇ.

ಮೀಸೆ ಟೀ ಲೋಟ ಹಿಡಿದು ಬಂದು ತಲೆಯಲ್ಲಿ ಹುಳ ಬಿಟ್ಟ. “ನಿಮ್ಮಣ್ಣ ಬಸ್ ಸ್ಟ್ಯಾಂಡ್ ಹಿಂದೆ ಒಂದು ಶೆಡ್ ನೋಡ್ತಿದ್ರಂತೆ.”

ಸರಿ ಹೋಯಿತು. ಶೆಡ್ಡು ಅಲ್ಲಿ, ಗಿರಾಕಿಗಳ ಪಟ್ಟಿ ಇಲ್ಲಿ. ಕದಿಯಲು ಬಾಗಿಲು ಮುರಿಯುವುದೂ ಬೇಡ, ಫೋನ್ ಇದ್ದರೆ ಸಾಕು.

ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದೆ, ಒಬ್ಬ ಹುಡುಗಿ ಎತ್ತಿದಳು. ಅವನು ಏನೇನು ನೋಡಿದ ಎಂದು ಕೇಳಿದೆ.

“ನೋಡಿದ್ದು ಗೊತ್ತಾಗಲ್ಲ ಮೇಡಂ. ಬದಲಾಯಿಸಿದ್ದು ಮಾತ್ರ ಹಿಸ್ಟರೀಲಿ ಇರುತ್ತೆ.”

“ನಮ್ಮ ಪಟ್ಟಿ ಈಗ ಎಲ್ಲಿದೆಯಮ್ಮಾ?”

“ಕ್ಲೌಡಲ್ಲಿದೆ ಮೇಡಂ.”

“ಆ ಮೋಡ ಯಾರ ಮನೆ ಮೇಲಿದೆ?”

ಹುಡುಗಿ ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ.

ಮಾರ್ಚ್ 11, ಮಧ್ಯಾಹ್ನ 3

ಒತ್ತಿ ಬರೆದು ಹಾಳೆ ಹರಿಯಿತು. ಸಿಟ್ಟಿಗೆ.

ಬೆಳಿಗ್ಗೆ ಐಸ್ ಫ್ಯಾಕ್ಟರಿ ಮೋಟರ್ ಬಂತು. ನಮ್ಮ ದೊಡ್ಡ ಗಿರಾಕಿ. ಮೀಸೆ ಬಿಚ್ಚಿ, ಹಳೆಯ ಸುತ್ತು ಎಣಿಸಿ, ಒಳಗಿನಿಂದಲೇ ಕೂಗಿದ. ಪಕ್ಕದಲ್ಲಿ ಗ್ರೈಂಡರ್ ಗಲಾಟೆ. 56 ಎಂದು ಟೈಪ್ ಮಾಡಿದೆ. ಊಟ ಮುಗಿಸಿ ಬಂದು ನೋಡಿದರೆ 65! ಹಿಸ್ಟರಿ ತೆರೆದೆ. ‘ಬದಲಾಯಿಸಿದವರು: ಅಣ್ಣ.’

ಅಂದರೆ ಕದಿಯುವುದಷ್ಟೇ ಅಲ್ಲ, ಕೆಡಿಸುವುದೂ ಇದೆ. ಒಡಹುಟ್ಟಿದವನು! ಮೀಸೆಯನ್ನು ಕೇಳೋಣ ಎಂದು ಎದ್ದೆ, ಮತ್ತೆ ಕುಳಿತೆ. ಶೆಡ್ಡಿನ ಸುದ್ದಿ ತಂದವನು ಅವನೇ. ಅವನಿಗೆ ಹೇಗೆ ಗೊತ್ತಾಯಿತು? ಇಬ್ಬರೂ ಸೇರಿಕೊಂಡಿದ್ದರೆ?

ತಿರುಗಿ 56 ಮಾಡಿದೆ. ಅಣ್ಣನ ಹೆಸರನ್ನೇ ಸಾಫ್ಟ್‌ವೇರಿನಿಂದ ತೆಗೆದುಹಾಕಿದೆ. ‘ಖಚಿತವೇ?’ ಎಂದು ಕೇಳಿತು. ಖಚಿತ.

ತಂತಿಯಕ್ಕ ಅನುಮಾನಿಸಿದಳು. “ತಂತಿ ಕೂರೋ ಸ್ಲಾಟ್ ಸಡಿಲ ಅನ್ಸುತ್ತಮ್ಮಾ. ಅಣ್ಣ ಇದ್ದಿದ್ರೆ ‘ಎಣಿಸಿದ್ದು ಯಾರು?’ ಅಂತ ಮೊದಲು ಕೇಳ್ತಿದ್ರು. ಯಾರಾದ್ರೂ ‘ನಾನು’ ಅನ್ನೋವರೆಗೂ ಸುತ್ತೋಕೆ ಬಿಡ್ತಿರಲಿಲ್ಲ.”

“ಅಣ್ಣ ಇಲ್ವಲ್ಲ. ಸ್ಕ್ರೀನಲ್ಲಿ ಇರೋದನ್ನ ಸುತ್ತು ಅಕ್ಕಾ.”

ಮಾರ್ಚ್ 13

ಮೋಟರ್ ಟೆಸ್ಟ್ ಮಾಡಿದ ಮೀಸೆ “ಕರೆಂಟ್ ಸ್ವಲ್ಪ ಜಾಸ್ತಿ ಎಳೀತಿದೆ, ಸುತ್ತು ಕಮ್ಮಿ ಆದ್ರೆ ಹಿಂಗಾಗುತ್ತೆ” ಎಂದು ರಾಗ ತೆಗೆದ. ಇವನದೂ ಶುರುವಾಯಿತಲ್ಲ ಎಂದುಕೊಂಡೆ. “ಕಳಿಸು” ಅಂದೆ.

ಚುಕ್ಕಿ ಬರಲಿಲ್ಲ. ನೆಮ್ಮದಿ.

ಮಾರ್ಚ್ 16, ಬೆಳಿಗ್ಗೆ 11

ಸುಟ್ಟಿತು.

ಐಸ್ ಫ್ಯಾಕ್ಟರಿಯವರು ಫೋನಿನಲ್ಲಿ ಉಗಿದು ಉಪ್ಪು ಹಾಕಿದರು. “ಎರಡು ದಿನಕ್ಕೇ ಹೊಗೆ! ಐಸೆಲ್ಲ ನೀರಾಗಿ ಬೀದಿಗೆ ಹರೀತಿದೆ. ನಿಮ್ಮಣ್ಣ ಸುತ್ತಿದ್ದು ಆರು ವರ್ಷ ಬಂತು. ನಾಳಿದ್ದರೊಳಗೆ ಸರಿ ಮಾಡಿ ಕೊಡಿ, ಇಲ್ಲಾಂದ್ರೆ ಇನ್ಮೇಲೆ ನಿಮ್ಮ ಬಾಗಿಲು ತುಳಿಯಲ್ಲ.”

ಅಣ್ಣ ಬೇರೆ ಏನೇನು ಕೆಡಿಸಿದ್ದಾನೋ ಎಂದು ಹಿಸ್ಟರಿ ತೆರೆದೆ. 56ರಿಂದ 65 — ಆ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಗುರುತು. ಅವತ್ತು ಸಿಟ್ಟಿನಲ್ಲಿ ಕಾಣಲೇ ಇಲ್ಲ. ಒತ್ತಿದೆ.

‘ಪುಟ್ಟಿ, ಅಂಕಿ ಹಿಂದುಮುಂದಾಗಿದೆ. 65. ಹಿಂದೆ ನಾನೇ ಸುತ್ತಿದ್ದು, ಪುಸ್ತಕದಲ್ಲಿದೆ. ಮೀಸೆಯನ್ನ ಒಂದ್ಸಲ ಕೇಳು. ಊಟ ಆಯ್ತಾ?’

ಮೀಸೆಯನ್ನು ಕೇಳಿದೆ. “ಅರವತ್ತೈದು ಅಂತಲೇ ಕೂಗಿದ್ದು. ಯಾಕೆ?”

ಮಧ್ಯಾಹ್ನ 2

ಇನ್ನೂ ಇದೆ. ಹಳೆಯ ಮೋಟರುಗಳ ಪುಟ. ಖಾಲಿ ಬಿಟ್ಟಿದ್ದೆ, ಪುಸ್ತಕ ಸಿಕ್ಕಿರಲಿಲ್ಲವಲ್ಲ. ಈಗ ನೂರ ಎಂಟು ಸಾಲು ತುಂಬಿದೆ. ತಂತಿಯ ದಪ್ಪ, ಸುತ್ತು, ಸ್ಲಾಟು, ಎಲ್ಲ. ‘ಸೇರಿಸಿದವರು: ಅಣ್ಣ.’ ದಿನಾ ಹತ್ತೂ ಹತ್ತರಿಂದ ಹತ್ತೂ ನಲವತ್ತು. ಒಂದೇ ಬೆರಳಲ್ಲಿ ಒತ್ತಿರುತ್ತಾನೆ.

ಮಾರ್ಚ್ 11ಕ್ಕೆ ಸಾಲು ನಿಂತಿದೆ. ಬಾಗಿಲು ಹಾಕಿದವಳು ನಾನೇ.

ಈ ಸಾಫ್ಟ್‌ವೇರಿಗೆ ಬದಲಾಯಿಸಿದ್ದು ಯಾರೆಂದು ಗೊತ್ತು. ಎಣಿಸಿದ್ದು ಯಾರೆಂದು ಕೇಳುವ ಖಾನೆಯೇ ಇಲ್ಲ. ಅದನ್ನು ಬೈದು ಏನು ಬಂತು? ನಾನೂ ಕೇಳಲಿಲ್ಲ. ನಾಚಿಕೆಯಾಗುತ್ತಿದೆ.

ಮಾರ್ಚ್ 17

ಅಣ್ಣನ ಹೆಸರು ಮತ್ತೆ ಸೇರಿಸಿದೆ. ‘ಆಹ್ವಾನ ಕಳಿಸಲಾಗಿದೆ. ಪೆಂಡಿಂಗ್.’ ಫೋನ್ ಮಾಡಲು ಮುಖವಿಲ್ಲ. ಸಂಜೆಯವರೆಗೆ ಹತ್ತು ಸಲ ನೋಡಿದೆ. ಪೆಂಡಿಂಗ್.

ಮಾರ್ಚ್ 18, 10.05

ಐಸ್ ಫ್ಯಾಕ್ಟರಿ ಮೋಟರ್ ಮತ್ತೆ ಮೇಜಿನ ಮೇಲೆ. ತಂತಿಯಕ್ಕ ಸುತ್ತಿದಳು, ನಾನು ಪಕ್ಕದಲ್ಲಿ ಕುಳಿತು ಜೋರಾಗಿ ಎಣಿಸಿದೆ. ಅರವತ್ತೈದು. ಮೀಸೆ ಗ್ರೈಂಡರ್ ನಿಲ್ಲಿಸಿ ನೋಡುತ್ತಿದ್ದ. ಕಾರ್ಡಿಗೆ ಹಾಕಿದೆ.

10.10

ಚುಕ್ಕಿ. ಹಸಿರು.

ಮೋಟರಿನ ಸಾಲಿನ ಪಕ್ಕ ಆ ಪುಟ್ಟ ಗುರುತು ಮೂಡಿತು. ಒತ್ತಿದೆ. ‘ಎಣಿಸಿದ್ದು ಯಾರು?’

ಬರೆದೆ. ‘ನಾನು. ತಪ್ಪಾಯ್ತು ಅಣ್ಣ. ಬಾ.’

ಚುಕ್ಕಿ ಆರಿತು. ಹತ್ತೂ ಹನ್ನೆರಡಕ್ಕೇ. ಸಿಟ್ಟು ಬಂತೇನೋ. ‘ಬಾ’ ಅಂದದ್ದು ಹೆಚ್ಚಾಯಿತೇನೋ. ಅಷ್ಟು ಸುಲಭಕ್ಕೆ ಬರುವವನಲ್ಲ, ನನ್ನ ಅಣ್ಣ ತಾನೇ.

10.35

ಗೇಟಿನ ಸದ್ದು. ತಂತಿಯಕ್ಕ ಯಾರಿಗೋ ಹೇಳುತ್ತಿದ್ದಾಳೆ, “ಒಳಗೇ ಇದಾರೆ, ಏನೋ ಬರೀತಾ ಕೂತಿದಾ—